ಎರಡನೇ ಗೇರಿನ ಸದ್ದು

ಆ ಊರಿನಲ್ಲಿ ಗಾಡಿ ರಿಪೇರಿಯವರಿಗೇನೂ ಬರವಿರಲಿಲ್ಲ. ಎಂಜಿನ್ನಿಗೆ ಒಬ್ಬ, ಟೈರಿಗೆ ಒಬ್ಬ, ಬಣ್ಣ ಹೊಡೆಯಲು ಇನ್ನೊಬ್ಬ ಎಂದು ದೊಡ್ಡ ರಸ್ತೆಯುದ್ದಕ್ಕೂ ಅಂಗಡಿಗಳು ಸಾಲುಗಟ್ಟಿದ್ದವು. ಗೇರ್‌ಬಾಕ್ಸ್ ಕೆಟ್ಟಿತೆಂದರೆ ಮಾತ್ರ ಅವರೆಲ್ಲ ಕೈಚೆಲ್ಲಿ, ಮುಚ್ಚಿಹೋದ ನೂಲಿನ ಗಿರಣಿಯ ಹಿಂದಿನ ಓಣಿಯತ್ತ ಬೆರಳು ತೋರಿಸುತ್ತಿದ್ದರು. ಓಣಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು, ಶೆಡ್ಡಿಗೆ ಒರಗಿ ನಿಂತಂತೆ ಒಂದು ಸಣ್ಣ ಮನೆ. ಅಲ್ಲಿದ್ದವನು ಡಬ್ಬಿ ಮೇಸ್ತ್ರಿ. ಗೇರ್‌ಬಾಕ್ಸನ್ನು ಅವನು ಎಂದೂ ಆ ಹೆಸರಿನಿಂದ ಕರೆದವನಲ್ಲ. 'ಡಬ್ಬಿ ಇಳಿಸಬೇಕು', 'ಡಬ್ಬಿ ಹಸಿದಿದೆ, ಎಣ್ಣೆ ಕೇಳ್ತಿದೆ' ಎಂದೇ ಅವನ ಮಾತು. ಹೇಳಿ ಹೇಳಿ ಆ ಹೆಸರು ಅವನ ಬೆನ್ನಿಗೇ ಅಂಟಿಕೊಂಡಿತು. ಅವನ ನಿಜವಾದ ಹೆಸರು ಗೊತ್ತಿದ್ದವರು ಊರಿನಲ್ಲಿ ಇದ್ದರೋ ಇಲ್ಲವೋ.

ಅವನ ಹೆಂಡತಿಗೂ ಅಂಥದ್ದೇ ಒಂದು ಅಡ್ಡಹೆಸರಿತ್ತು. ಅವಳು ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. 'ಕ್ಲಚ್ ಬಿಡಿ, ಮೆಲ್ಲಗೆ ಬಿಡಿ, ಮಲಗಿರೋ ಮಗೂನ ಪಕ್ಕದಿಂದ ಎದ್ದು ಬರ್ತೀರಲ್ಲ, ಹಾಗೆ ಬಿಡಿ' ಎಂದು ಪಾಠ ಹೇಳುತ್ತಿದ್ದವಳನ್ನು ಕಲಿತವರೆಲ್ಲ ಸೇರಿ ಕ್ಲಚ್ಚಕ್ಕ ಮಾಡಿದರು. ಅವಳದೊಂದು ಪುಟ್ಟ ಹಳೆಯ ಕಾರು. ದುಂಡು ಮೂತಿ, ಮಾಸಿದ ಹಾಲಿನ ಬಣ್ಣ. ಈಗ ಅಂಥ ಕಾರು ಎದುರಾದರೆ ಜನ ನಿಂತು ನೋಡುತ್ತಾರೆ. ಕಲಿಸುವ ಕಾರಾದ್ದರಿಂದ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಲಿಯುವವಳು ತಪ್ಪಿದರೆ ಕಲಿಸುವವಳು ತುಳಿಯಬೇಕಲ್ಲ!

ಇಬ್ಬರನ್ನೂ ಜೋಡಿಸಿದ್ದು ಆ ಕಾರೇ. ಕಾರು ಕೊಂಡ ಹೊಸದರಲ್ಲಿ ಅವಳು ಈ ಶೆಡ್ಡಿಗೆ ಬಂದಿದ್ದಳು. ಆಗ ಮೇಸ್ತ್ರಿಗೆ ಮೀಸೆ ಪೂರ್ತಿ ಕಪ್ಪು. ಎರಡನೇ ಗೇರಿಗೆ ಹಾಕುವಾಗ 'ಕರ್ರ್' ಎನ್ನುತ್ತದೆ, ನೋಡಿಕೊಡಿ ಎಂದಳು. ಕೈತುಂಬ ಕೆಲಸವಿದ್ದ ಮೇಸ್ತ್ರಿ ತಲೆಯೆತ್ತದೆಯೇ, "ಮುಂದಿನ ತಿಂಗಳು ಬನ್ನಿ" ಎಂದ. ಮುಂದಿನ ತಿಂಗಳು ಬಂದಳು. "ಇನ್ನೂ ಎರಡು ಡಬ್ಬಿ ಇವೆ, ಮುಂದಿನ ತಿಂಗಳು ಬನ್ನಿ" ಎಂದ. ಈ ಸಲ ತಲೆಯೆತ್ತಿ ಹೇಳಿದ. ಆಮೇಲಾಮೇಲೆ ಅವಳು ಬರುವ ಹೊತ್ತಿಗೆ ಕೈ ತೊಳೆದುಕೊಂಡು ಕಾಯತೊಡಗಿದ. ಹೀಗೆ ಮುಂದಿನ ತಿಂಗಳುಗಳು ಕಳೆಯುತ್ತ ಮದುವೆಯೇ ಆಗಿಹೋಯಿತು, ಗೇರು ಮಾತ್ರ ಹಾಗೇ ಉಳಿಯಿತು. ಗಿರಾಕಿಯ ಗಾಡಿ ಮನೆಯ ಗಾಡಿಯಾಯಿತು, ಮನೆಯ ಗಾಡಿಯಾದ ಮೇಲೆ ಸರದಿಯ ಕೊನೆಗೆ ಹೋಯಿತು.

ಅವನೇನು ಸೋಮಾರಿಯಲ್ಲ. ಕ್ಲಚ್ ಪ್ಲೇಟು ಸವೆದು ಬದಲಿಸಬೇಕಾದಾಗಲೆಲ್ಲ ಡಬ್ಬಿಯನ್ನು ಹೇಗೂ ಕೆಳಗಿಳಿಸುತ್ತಿದ್ದ. ಆದರೆ ಬೆಳಗಾದರೆ ಅವಳಿಗೆ ಪಾಠವಿರುತ್ತಿತ್ತು, ಗಾಡಿ ಓಡಲೇಬೇಕಿತ್ತು. ಬಿಚ್ಚಿ ನೋಡಲು ಹೊತ್ತಿಲ್ಲದೆ ಇಳಿಸಿದ ಡಬ್ಬಿಯನ್ನು ಹಾಗೇ ಮೇಲೇರಿಸುತ್ತಿದ್ದ. ಕಲಿಯಲು ಬಂದ ಹೆಂಗಸರೆಲ್ಲ ಆ ಗೇರಿನ ಹಲ್ಲನ್ನು ತಮ್ಮ ಪಾಲಿಗೆ ಬಂದಷ್ಟು ತೇಯ್ದರು. ಕ್ಲಚ್ಚಕ್ಕ ಅದಕ್ಕೂ ಒಂದು ಪಾಠ ಮಾಡಿಕೊಂಡಳು. "ಎರಡನೇ ಗೇರು ನಮ್ಮತ್ತೆ ಇದ್ದ ಹಾಗೆ. ಒಂದೇ ಸಲ ಒಳಗೆ ನುಗ್ಗಬಾರದು. ಬಾಗಿಲಲ್ಲಿ ಸ್ವಲ್ಪ ನಿಂತು, ಕೆಮ್ಮಿ, ಆಮೇಲೆ ಹೋಗ್ಬೇಕು" ಎನ್ನುತ್ತಿದ್ದಳು. ನಡುವೆ ಒಂದು ಉಸಿರಿನಷ್ಟು ತಡೆದು, ಕೋಲನ್ನು ಅಂಗೈಯಿಂದ ಹಗುರಾಗಿ ತಳ್ಳುತ್ತಿದ್ದಳು. ಆದರೂ ಅದು 'ಕರ್ರ್' ಎನ್ನದೆ ಬಿಡುತ್ತಿರಲಿಲ್ಲ. ಗಂಡ ಪಕ್ಕದಲ್ಲಿದ್ದರೆ ಸದ್ದು ಬಂದ ತಕ್ಷಣ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಳು:

"ರೀ, ಮುಂದಿನ ತಿಂಗಳು ಬಂತೇನ್ರೀ?"

"ಬರುತ್ತೆ ಕಣೇ, ದಾರೀಲಿದೆ."

"ನಡ್ಕೊಂಡ್ ಬರ್ತಿದೆಯೋ ಏನೋ, ಪಾಪ."

ಈ ಮೂರು ಮಾತು ಆ ಕಾರಿನಲ್ಲಿ ಎಷ್ಟು ಸಲ ನಡೆದಿದ್ದವೋ ಲೆಕ್ಕವಿಟ್ಟವರಿಲ್ಲ. ಮಗಳು ಚಿಕ್ಕವಳಿದ್ದಾಗ ಹಿಂದಿನ ಸೀಟಿನಲ್ಲಿ ಕೂತು, ಸದ್ದು ಬಂದ ಕೂಡಲೇ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ನಗುತ್ತಿದ್ದಳು.

ಮರೆವು ಶುರುವಾದದ್ದು ದಾರಿಗಳಿಂದ. ಪಾಠ ಹೇಳುತ್ತಿದ್ದಾಗಲೇ ಒಂದು ದಿನ ಅಂಚೆ ಕಚೇರಿಯ ತಿರುವಿನಲ್ಲಿ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ ಗಾಡಿ ನಿಲ್ಲಿಸಿ, ಕಲಿಯುವವಳನ್ನೇ ಕೇಳಿದಳು. ಅದಾದ ಮೇಲೆ ಒಲೆ, ಕೀಲಿಕೈ, ವಾರದ ದಿನಗಳು ಒಂದೊಂದಾಗಿ ಕೈ ಜಾರಿದವು. ಪಾಠ ನಿಂತಿತು. ಕೊನೆಗೆ ಮನುಷ್ಯರ ಸರದಿ. ಒಂದು ಬೆಳಿಗ್ಗೆ ಮೇಸ್ತ್ರಿ ಚಹಾ ಮಾಡಿ ತಂದುಕೊಟ್ಟರೆ, ಲೋಟ ತೆಗೆದುಕೊಂಡು, "ನಿಮಗ್ಯಾಕೆ ತೊಂದರೆ ಅಣ್ಣಾ" ಎಂದಳು.

ಮೇಸ್ತ್ರಿಗೆ ಎದೆಯೊಳಗೆ ಏನೋ ಕಳಚಿ ಬಿದ್ದಂತಾಯಿತು. ಬೈದಿದ್ದರೆ, ಹೊರಗೆ ದಬ್ಬಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಮನೆಗೆ ಬಂದ ಹೊಸಬರೊಡನೆ ಆಡುವ ಆ ಮರ್ಯಾದೆಯ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಡಾಕ್ಟರು ರಸ್ತೆಯಲ್ಲಿ ಗಾಡಿ ಓಡಿಸಕೂಡದು ಎಂದಿದ್ದರು. ಆದರೆ ಸಂಜೆಯಾದರೆ ಅವಳು ಕಾರಿನ ಬಳಿ ಹೋಗಿ ಬಾಗಿಲಿನ ಹಿಡಿಕೆ ಹಿಡಿದು ನಿಲ್ಲುತ್ತಿದ್ದಳು. ನೋಡಲಾರದೆ ಮೇಸ್ತ್ರಿ ಒಂದು ಉಪಾಯ ಮಾಡಿದ. ಗಿರಣಿಯ ಅಂಗಳ ಖಾಲಿ ಬಿದ್ದಿತ್ತು, ಸುತ್ತ ಗೋಡೆ, ನಾಯಿಯೂ ಅಡ್ಡ ಬರುವುದಿಲ್ಲ. ಅಲ್ಲಿಯವರೆಗೆ ತಾನೇ ಓಡಿಸಿಕೊಂಡು ಹೋಗಿ, ಒಳಗೆ ಸೇರಿದ ಮೇಲೆ ಸ್ಟೀರಿಂಗನ್ನು ಅವಳಿಗೆ ಬಿಟ್ಟು, ತಾನು ಎಡಗಡೆಯ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟು ಕೂತ. ಬ್ರೇಕು ತುಳಿಯುವ ಅಗತ್ಯವೇ ಬೀಳಲಿಲ್ಲ. ತಲೆ ಮರೆತದ್ದನ್ನು ಅವಳ ಕೈಕಾಲು ಮರೆತಿರಲಿಲ್ಲ. ಮೊದಲನೇ ಗೇರಿನಲ್ಲಿ ಹೊರಟಳು, ವೇಗ ಬಂತು, ಕ್ಲಚ್ ಒತ್ತಿದಳು, ಒಂದು ಉಸಿರು ತಡೆದಳು, ಅಂಗೈಯಿಂದ ತಳ್ಳಿದಳು. 'ಕರ್ರ್!'

"ರೀ, ಮುಂದಿನ ತಿಂಗಳು ಬಂತೇನ್ರೀ?"

ಮೇಸ್ತ್ರಿ ಗಕ್ಕನೆ ತಿರುಗಿ ನೋಡಿದ. ಪಕ್ಕದಲ್ಲಿ ಕೂತಿದ್ದವಳು ಅವನ ಹೆಂಡತಿಯೇ. "ಕಾಲರ್ ನೋಡ್ಕೊಳ್ಳಿ, ಗ್ರೀಸ್ ಆಗಿದೆ. ಮಗಳು ಫೋನ್ ಮಾಡಿದ್ಲಾ?" ಎಂದೆಲ್ಲ ಕೇಳಿದಳು. ಅಂಗಳದ ಸುತ್ತು ಮುಗಿಯುವವರೆಗೂ ಅವಳು ಅಲ್ಲಿದ್ದಳು. ಕಾರಿನಿಂದಿಳಿದು ಮನೆಯ ಹೊಸಿಲು ದಾಟುವಷ್ಟರಲ್ಲಿ ಮತ್ತೆ ಎಲ್ಲಿಗೋ ಹೊರಟುಹೋದಳು.

ಅಂದಿನಿಂದ ಮೇಸ್ತ್ರಿಯ ದಿನವೆಂದರೆ ಆ ಸಂಜೆಯ ಸುತ್ತು. ಬೆಳಿಗ್ಗೆಯಿಂದ 'ಅಣ್ಣಾ' ಎನ್ನಿಸಿಕೊಂಡರೂ ಸಂಜೆಗೊಂದು 'ರೀ' ಸಿಗುತ್ತದಲ್ಲ, ಸಾಕು ಎಂದುಕೊಂಡ. ಕಾರಿನೊಳಗೆ ಕೂತರೆ ಅವಳಿಗೆ ನೆನಪು ಬರುತ್ತದೆ ಎಂದು ಅವನ ಎಣಿಕೆ. ಅದು ಪೂರ್ತಿ ನಿಜವಲ್ಲವೆಂದು ತಿಳಿಯುವಷ್ಟರಲ್ಲಿ ಕೈ ಮೀರಿತ್ತು.

ಗೇರು ದಿನೇ ದಿನೇ ಹದಗೆಟ್ಟಿತು. ಮೊದಲು ಸದ್ದು ಮಾಡಿಯಾದರೂ ಬೀಳುತ್ತಿದ್ದುದು, ಈಗ ಬಿದ್ದ ಮೇಲೆ ತಾನಾಗಿಯೇ ಹೊರಗೆ ಹಾರತೊಡಗಿತು. ಮೇಸ್ತ್ರಿ ಎಣ್ಣೆ ಇಳಿಸಿ ತಟ್ಟೆಯಲ್ಲಿ ಹಿಡಿದ. ಕಪ್ಪು ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಜರಿಯಂತೆ ಮಿನುಗುತ್ತಿತ್ತು. ಬೆರಳಿಗೆ ಉಕ್ಕಿನ ಚೂರೂ ತಾಕಿತು. ಹೀಗೇ ಬಿಟ್ಟರೆ ಒಂದು ದಿನ ಹಲ್ಲು ಮುರಿದು ಡಬ್ಬಿಯೊಳಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಕಾರಿನ ಕತೆ ಮುಗಿಯುತ್ತದೆ, ಕಾರು ಹೋದರೆ ಸಂಜೆಯೂ ಹೋಗುತ್ತದೆ.

ಅದೇ ಹೊತ್ತಿಗೆ ಮಗಳು ಬಂದಳು. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಮಾಡಿಸಿ ಕೆಲವು ದಿನ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆಂದಳು.

"ಅಪ್ಪಾ, ನೀನೂ ಬಾ. ಇಲ್ಲೊಬ್ಬನೇ ಕೂತು ಏನ್ ಮಾಡ್ತೀಯ?"

"ಡಬ್ಬಿ ಇಳಿಸ್ತೀನಿ."

"ಯಾರದ್ದು?"

"ನಿಮ್ಮಮ್ಮಂದು."

ಮಗಳು ಒಂದು ಕ್ಷಣ ಅವನ ಮುಖವನ್ನೇ ನೋಡಿ, "ಹಂಗಾದ್ರೆ ಮುಂದಿನ ತಿಂಗಳು ಬಂತು ಅನ್ನು" ಎಂದು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿತು.

ಬಿಡಿಭಾಗಕ್ಕೆ ಮೇಸ್ತ್ರಿ ಹೋದದ್ದು ಭಾಮೈದನ ಅಂಗಡಿಗೆ. ಕ್ಲಚ್ಚಕ್ಕನ ತಮ್ಮ ಹಳೆಯ ಗಾಡಿಗಳ ಸಾಮಾನು ಮಾರುತ್ತಿದ್ದ. ನೆಲದಿಂದ ಸೂರಿನವರೆಗೆ ಕಬ್ಬಿಣ ತುಂಬಿದ ಆ ಅಂಗಡಿಯಲ್ಲಿ ಕೂರಲು ಜಾಗವಿದ್ದುದು ಅವನೊಬ್ಬನಿಗೇ.

"ಏನ್ ಭಾವ, ದಾರಿ ತಪ್ಪಿ ಬಂದ್ರಾ?"

"ಅಕ್ಕನ ಗಾಡಿಗೆ ಎರಡನೇ ಗೇರು ಬೇಕು. ಗೇರು, ರಿಂಗು, ಫೋರ್ಕು, ಬೇರಿಂಗು, ಎಲ್ಲಾ ಹೊಸದು."

ಭಾಮೈದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನಾನು ಬದುಕಿದ್ದಾಗಲೇ ಈ ಮಾತು ಕೇಳ್ತೀನಿ ಅಂದ್ಕೊಂಡಿರ್ಲಿಲ್ಲ. ಮದುವೇಲಿ ನಮ್ಮಪ್ಪ ಏನಂದಿದ್ರು ಗೊತ್ತಾ? 'ಹುಡುಗಿ ಕೊಡ್ತಿರೋದೇ ಆ ಗೇರು ಸರಿ ಮಾಡ್ಲಿ ಅಂತ' ಅಂದಿದ್ರು."

"ಹಾಗಾದ್ರೆ ನಿಮ್ಮಪ್ಪನ ಸಾಲ ತೀರಿಸೋಕೆ ಬಂದಿದ್ದೀನಿ, ಹುಡುಕಯ್ಯ."

ಹೊಸ ಸಾಮಾನು ಸುಲಭವಾಗಿ ಸಿಗಲಿಲ್ಲ. ಅಂಥ ಕಾರನ್ನು ತಯಾರಿಸುವುದನ್ನೇ ಬಿಟ್ಟು ಬಹಳ ಕಾಲವಾಗಿತ್ತು. ಭಾಮೈದ ಎಲ್ಲೆಲ್ಲಿಗೋ ಫೋನು ಮಾಡಿ, ಯಾವುದೋ ಉಗ್ರಾಣದ ಮೂಲೆಯಲ್ಲಿ ಮೇಣದ ಕಾಗದ ಸುತ್ತಿಟ್ಟಿದ್ದ ಪೆಟ್ಟಿಗೆಯನ್ನು ತರಿಸಿಕೊಟ್ಟ.

ಮೇಸ್ತ್ರಿ ಕೆಲಸಕ್ಕೆ ಕೂತ. ಬೆರಳ ಗಂಟುಗಳು ಈಗ ಮೊದಲಿನ ಮಾತು ಕೇಳುತ್ತಿರಲಿಲ್ಲ. ಎಂಜಿನ್ನಿಗೆ ಜ್ಯಾಕ್ ಆನಿಸಿ, ಬೋಲ್ಟುಗಳನ್ನು ಬಿಚ್ಚಿ, ಡಬ್ಬಿಯನ್ನು ಹಿಂದಕ್ಕೆಳೆದು ಎದೆಯ ಮೇಲೆ ಇಳಿಸಿಕೊಂಡು, ಹಾಗೇ ಒಂದಿಷ್ಟು ಹೊತ್ತು ಕಾರಿನಡಿಯಲ್ಲೇ ಮಲಗಿದ್ದ. ಭಾರ ಹಿತವಾಗಿತ್ತು. ಆಮೇಲೆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ.

ಒಳಗಿದ್ದದ್ದನ್ನು ನೋಡಿ ಮೇಸ್ತ್ರಿಗೆ ನಾಚಿಕೆಯಾಯಿತು. ಎರಡನೇ ಗೇರಿನ ಹಿತ್ತಾಳೆಯ ರಿಂಗು ಅಪ್ಪಳದಂತೆ ತೆಳ್ಳಗಾಗಿತ್ತು. ಗೇರಿನ ವೇಗವನ್ನು ಶಾಫ್ಟಿನ ವೇಗಕ್ಕೆ ಹೊಂದಿಸುವುದು ಆ ರಿಂಗಿನ ಕೆಲಸ. ಅದು ಸವೆದರೆ ಎರಡೂ ಹೊಂದಿಕೊಳ್ಳುವ ಮೊದಲೇ ಹಲ್ಲಿಗೆ ಹಲ್ಲು ಬಡಿಯುತ್ತದೆ, ಆ ಬಡಿತವೇ 'ಕರ್ರ್'. ಗೇರಿನ ಹಲ್ಲುಗಳ ಚೂಪು ತುದಿಗಳೆಲ್ಲ ಮುದುಕರ ಬಾಯಂತೆ ಮೊಂಡಾಗಿದ್ದವು. ಗೇರು ಬದಲಿಸುವಾಗ ಒಳಗೆ ತಳ್ಳಿಕೊಡುವ ಫೋರ್ಕಿನ ಒಂದು ಬದಿ ಸವೆದು ಓರೆಯಾಗಿತ್ತು. ಎಲ್ಲವೂ ಒಂದನ್ನೊಂದು ತೇಯುತ್ತ, ಒಂದರ ಕೊರತೆಗೆ ಇನ್ನೊಂದು ಒಗ್ಗಿಕೊಳ್ಳುತ್ತ ಕೂಡಿ ಸವೆದಿದ್ದವು. ಇಂಥ ಡಬ್ಬಿಯನ್ನು ಯಾವ ಗಿರಾಕಿಯಾದರೂ ತಂದಿದ್ದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರುತ್ತಿದ್ದ. ಇದಕ್ಕೆ ಯಾರನ್ನು ಗದರುವುದು?

ಮೇಸ್ತ್ರಿ ಅವಸರ ಮಾಡಲಿಲ್ಲ. ಸೂಜಿಯಂಥ ಬೇರಿಂಗುಗಳನ್ನು ಒಂದೊಂದಾಗಿ ಗ್ರೀಸಿನಲ್ಲಿ ಅಂಟಿಸಿ ಸುತ್ತಲೂ ನಿಲ್ಲಿಸಿದ. ಗೇರನ್ನು ಸ್ಥಾನದಲ್ಲಿ ಹಿಡಿದಿಡುವ ಉಕ್ಕಿನ ಗುಂಡು ಸ್ಪ್ರಿಂಗಿನ ಸಮೇತ ಕೈಯಿಂದ ಹಾರಿ ಮೇಜಿನಡಿ ಹೊರಳಿಹೋದಾಗ, ಮಂಡಿಯೂರಿ ನೆಲವನ್ನೆಲ್ಲ ಕೈಯಿಂದ ಸವರಿ ಹುಡುಕಿದ. ಹೊಸ ರಿಂಗನ್ನು ಗೇರಿನ ಮೇಲೆ ಒತ್ತಿ ತಿರುಗಿಸಿದರೆ ಅದು ಕಚ್ಚಿ ಹಿಡಿಯಿತು. ಎಣ್ಣೆ ಸೋರದಿರಲೆಂದು ಪ್ಯಾಕಿಂಗಿನ ಕಾಗದವನ್ನು ಡಬ್ಬಿಯ ಬಾಯಿಗೆ ಹಾಸಿ, ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ತಟ್ಟುತ್ತ ಅಳತೆಗೆ ಕತ್ತರಿಸಿದ. ಕೆಲಸ ಮಾಡುತ್ತ ಒಬ್ಬನೇ ನಗುತ್ತಿದ್ದ. ಅವಳು ಬಂದು ಗೇರು ಹಾಕುತ್ತಾಳೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ, ಅವಳು ಬೆರಗಾಗಿ ತಿರುಗುತ್ತಾಳೆ, ಆಗ ತಾನು 'ಬಂತು ಕಣೇ' ಎನ್ನಬೇಕು. ಈ ಒಂದು ಮಾತನ್ನು ಎಷ್ಟೋ ಬಗೆಯಲ್ಲಿ ಹೇಳಿ ನೋಡಿಕೊಂಡ. ಅವನ ಕೈಯಿಂದ ಅದಕ್ಕಿಂತ ಒಳ್ಳೆಯ ಡಬ್ಬಿ ಮೊದಲೆಂದೂ ಎದ್ದಿರಲಿಲ್ಲ. ಕಳಚಿದ ಹಳೆಯ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ ಭಾಮೈದನ ಗುಜರಿಗೆ ಕಳಿಸಿ, ಮೇಜು ಒರೆಸಿಟ್ಟ.

ಕ್ಲಚ್ಚಕ್ಕ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದಳು. ಮಗಳು ಬಿಟ್ಟು ಹೋದ ಸಂಜೆಯೇ ಮೇಸ್ತ್ರಿ ಗಿರಣಿಯ ಅಂಗಳಕ್ಕೆ ಕರೆದೊಯ್ದ. ಅವಳು ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಪಡಿಸಿಕೊಂಡು, ಗಾಡಿ ಎತ್ತಿದಳು. ವೇಗ ಬಂತು. ಕ್ಲಚ್ ಒತ್ತಿದಳು. ಒಂದು ಉಸಿರು ತಡೆದಳು. ಅಂಗೈಯಿಂದ ತಳ್ಳಿದಳು.

ಸದ್ದಿಲ್ಲ. ಗೇರು ಬಿದ್ದದ್ದೇ ತಿಳಿಯಲಿಲ್ಲ.

ಮೇಸ್ತ್ರಿ ಉಸಿರು ಬಿಗಿಹಿಡಿದು ಕಾದ. ಅವಳ ತುಟಿ ಏನನ್ನೋ ಹೇಳಲು ಅಲುಗಿದಂತಾಯಿತು. ಆದರೆ ಮಾತು ಬರಲಿಲ್ಲ. ಕೈ ಗೇರಿನ ಕೋಲಿನ ಮೇಲೇ ಇತ್ತು. ಅರ್ಧ ಸುತ್ತು ಹೋದ ಮೇಲೆ ಮತ್ತೊಮ್ಮೆ ಮೊದಲನೇ ಗೇರಿಗೆ ತಂದು, ಮತ್ತೆ ಎರಡನೆಯದಕ್ಕೆ ಹಾಕಿದಳು. ಸದ್ದಿಲ್ಲ. ಕಾರು ನಿಲ್ಲಿಸಿ ಕೈಬ್ರೇಕು ಎಳೆದಳು.

"ಇದು ಯಾರ ಗಾಡಿ?"

"ನಮ್ಮದೇ ಕಣೇ. ಮುಂದಿನ ತಿಂಗಳು ಬಂತು."

ಅವಳು ತಿರುಗಿ ನೋಡಿದಳು. ಪೊರೆ ತೆಗೆದ ಕಣ್ಣುಗಳು ನಿಚ್ಚಳವಾಗಿದ್ದವು. ಆ ನಿಚ್ಚಳ ಕಣ್ಣಿನಲ್ಲಿ ಮೇಸ್ತ್ರಿಯ ಗುರುತಿರಲಿಲ್ಲ.

"ಗಾಡಿ ಚೆನ್ನಾಗಿ ಇಟ್ಕೊಂಡಿದ್ದೀರಿ ಅಣ್ಣಾ. ನಂದೂ ಒಂದು ಇಂಥದ್ದೇ ಇದೆ, ಎರಡನೇ ಗೇರು ಸರಿಯಿಲ್ಲ. ನಮ್ಮನೆಯವರೇ ಮೇಸ್ತ್ರಿ. ಊರೋರ್ದೆಲ್ಲಾ ಮಾಡ್ತಾರೆ, ನಂದೊಂದು ಬಿಟ್ಟು." ನಕ್ಕಳು. ಬಾಗಿಲು ತೆರೆದು ಇಳಿದು, ತನ್ನ ಕಾರು ಎಲ್ಲಿದೆಯೆಂದು ಗೋಡೆಯ ಆ ತುದಿಯವರೆಗೂ ಕಣ್ಣಾಡಿಸಿದಳು.

ಆಗ ಮೇಸ್ತ್ರಿಗೆ ಅರ್ಥವಾಯಿತು. ಅವಳನ್ನು ತನ್ನ ಬಳಿಗೆ ಕರೆದು ತರುತ್ತಿದ್ದುದು ಕಾರಲ್ಲ, ಆ ಸದ್ದು. ಸದ್ದಿನ ಬೆನ್ನಿಗೆ ಮಾತಿತ್ತು, ಮಾತಿನ ಬೆನ್ನಿಗೆ ತಾನಿದ್ದ. ಎಂದೋ ಮಾಡಬೇಕಾಗಿದ್ದ ಕೆಲಸವನ್ನು ಮಾಡಬಾರದ ಹೊತ್ತಿನಲ್ಲಿ ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದ.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಮೇಸ್ತ್ರಿ ಭಾಮೈದನ ಅಂಗಡಿಗೆ ಓಡಿದ.

"ಅಕ್ಕನ ಗಾಡಿಯ ಹಳೇ ಸಾಮಾನು ಎಲ್ಲಿದೆ? ಆ ಚೀಲ?"

"ಹಿತ್ತಾಳೆ ಕರಗಿಸೋಕೆ ಹೋಯ್ತು. ಮಿಕ್ಕಿದ್ದು ಕಬ್ಬಿಣದ ಲಾರಿಗೆ. ಯಾಕೆ ಭಾವ, ಅದರಲ್ಲಿ ಚಿನ್ನ ಗಿನ್ನ ಬಿಟ್ಟಿದ್ರಾ?"

ಮೇಸ್ತ್ರಿ ಅಲ್ಲಿದ್ದ ಟೈರಿನ ಮೇಲೆ ಕುಸಿದು ಕೂತು, ನಡೆದದ್ದನ್ನೆಲ್ಲ ಹೇಳಿದ. ಭಾಮೈದನ ಮುಖದಲ್ಲಿದ್ದ ನಗೆ ಮೆಲ್ಲಗೆ ಇಳಿಯಿತು. ಎದ್ದು ಅಂಗಡಿಯ ಹಿಂಬದಿಗೆ ಹೋಗಿ, ಬಹಳ ಹೊತ್ತು ಡಬ್ಬ ಡಬ್ಬ ಸುರಿದು ಹುಡುಕಿ, ಒಂದು ರಿಂಗು ತಂದು ಭಾವನ ಅಂಗೈಯಲ್ಲಿಟ್ಟ.

"ಅಂಥದ್ದೇ ಬೇರೆ ಗಾಡೀದು. ಸಾಕಷ್ಟು ಸವೆದಿದೆ. ಸವೆದಿರೋ ಸಾಮಾನು ಕೊಡಿ ಅಂತ ಬಂದ ಗಿರಾಕಿ ನೀವೊಬ್ಬರೇ ಭಾವ." ತಮಾಷೆ ಮಾಡಲು ಹೋದವನು ಕನ್ನಡಕ ತೆಗೆದು ಒರೆಸತೊಡಗಿದ. "ಅಕ್ಕ ನನ್ನನ್ನೂ ಮೊನ್ನೆ 'ಯಾರಪ್ಪಾ ನೀನು' ಅಂದ್ಲು. ನಾನು ಯಾರಿಗೂ ಹೇಳಿಲ್ಲ."

ಮೇಸ್ತ್ರಿ ಡಬ್ಬಿಯನ್ನು ಮತ್ತೆ ಇಳಿಸಿದ. ಹೊಚ್ಚ ಹೊಸ ರಿಂಗನ್ನು ತೆಗೆದು ಸವೆದದ್ದನ್ನು ಹಾಕುವಾಗ ಅವನ ಕೈ ಎರಡು ಮೂರು ಸಲ ತಡೆಯಿತು. ಬೇಕೆಂದೇ ಕೆಟ್ಟ ಕೆಲಸ ಮಾಡಿ ಆ ಕೈಗೆ ಅಭ್ಯಾಸವಿರಲಿಲ್ಲ. ಗೇರನ್ನಾದರೂ ಹಳೆಯದರಂತೆ ಮಾಡೋಣವೆಂದು ಹೊಸ ಹಲ್ಲುಗಳ ತುದಿಯನ್ನು ಅರದಿಂದ ಉಜ್ಜಿದ. ಪ್ರತಿ ಎಳೆತಕ್ಕೂ ಅವನ ಬಾಯಿಯ ಹಲ್ಲು ಜುಮ್ಮೆನ್ನುತ್ತಿತ್ತು.

ಸಂಜೆ ಅಂಗಳದಲ್ಲಿ ಗೇರು ಸದ್ದು ಮಾಡಿತು. ಮಾಡಿತು, ಆದರೆ ಇದು ಬೇರೆ ಸದ್ದು. ಹಳೆಯದು ಗಂಟಲು ಕಟ್ಟಿದವರು ಮಾತಾಡಿದಂತೆ ಮೊದಲು ಒರಟಾಗಿ, ಆಮೇಲೆ ಮೆದುವಾಗಿ ಇಳಿಯುತ್ತಿತ್ತು. ಇದು ತಗಡಿನ ಮೇಲೆ ಮೊಳೆ ಗೀರಿದಂತೆ ಕಿರುಚಿತು. ಒಂದೇ ಡಬ್ಬಿಯಲ್ಲಿ ಅಷ್ಟು ಕಾಲ ಕೂಡಿ ಸವೆದ ರಿಂಗು, ಗೇರು, ಫೋರ್ಕುಗಳ ಸ್ವರವನ್ನು, ಎಲ್ಲೋ ಸವೆದ ಒಂದು ರಿಂಗು ತರುವುದಾದರೂ ಹೇಗೆ? ಮೇಸ್ತ್ರಿಯ ಕಿವಿಗೇ ಅದು ಗೊತ್ತಾಗಿತ್ತು. ಆದರೂ ಆಸೆಯಿಂದ ಅವಳತ್ತ ನೋಡಿದ.

ಅವಳು ಮುಖ ಕಿವುಚಿ ಕಾರು ನಿಲ್ಲಿಸಿದಳು. "ಅಣ್ಣಾ, ನಿಮಗ್ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ. ಹಳೇ ರಿಂಗು ಹಾಕಿ ಕಳಿಸಿದ್ದಾರೆ. ಆ ಮೇಸ್ತ್ರಿ ಯಾರೋ, ಅವನ ಕೈ ಸೇದಿಹೋಗಿರ್ಬೇಕು. ನಮ್ಮನೆಯವರ ಹತ್ರ ತೋರಿಸಿ. ತಡ ಮಾಡ್ತಾರೆ, ಆದ್ರೆ ಕೆಲಸದಲ್ಲಿ ಮೋಸ ಇಲ್ಲ."

"ಆಗ್ಲಿ," ಎಂದ ಮೇಸ್ತ್ರಿ.

ಆಮೇಲಿನ ಸಂಜೆ ಅವಳು ಸ್ಟೀರಿಂಗಿನ ಕಡೆ ಹೋಗಲೇ ಇಲ್ಲ. ತನ್ನದಲ್ಲದ ಗಾಡಿ ಎಂದ ಮೇಲೆ ಅದು ಕಲಿಯಲು ಬಂದವರದ್ದೇ ಇರಬೇಕೆಂದುಕೊಂಡಳೋ ಏನೋ, ನೇರವಾಗಿ ಎಡಗಡೆಯ ಬಾಗಿಲು ತೆರೆದು, ಪಾಠ ಹೇಳುವವರ ಸೀಟಿನಲ್ಲಿ ಕೂತಳು. ಬೆನ್ನು ನೆಟ್ಟಗಾಯಿತು. ಮೇಸ್ತ್ರಿ ಬಲಗಡೆ ಕೂತ.

"ಮೊದಲ ದಿನಾನಾ?"

"ಹೂಂ ಟೀಚರೇ."

"ಹೆದರ್ಬೇಡಿ. ಗಂಡಸರಿಗೆ ಕಲಿಸೋದು ಸ್ವಲ್ಪ ಕಷ್ಟ, ಎಲ್ಲಾ ಗೊತ್ತು ಅಂದ್ಕೊಂಡೇ ಬರ್ತಾರೆ. ನೀವು ಹಾಗೆ ಕಾಣಲ್ಲ."

ಮೇಸ್ತ್ರಿ ಗಾಡಿ ಎತ್ತಿದ. ಎರಡನೇ ಗೇರು ಕಿರುಚಿತು. ಜೀವಮಾನವಿಡೀ ಗೇರಿನ ಕೆಲಸ ಮಾಡಿದವನು ತಲೆ ತಗ್ಗಿಸಿದ. "ಪರವಾಗಿಲ್ಲ, ಎಲ್ಲರಿಗೂ ಆಗುತ್ತೆ" ಎಂದು ಅವಳು ಸಮಾಧಾನ ಹೇಳಿದಳು. ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಗಿರಣಿಯ ಚಿಮಣಿಯ ನೆರಳು ಅಂಗಳ ದಾಟಿ ಗೋಡೆ ಹತ್ತಿತು.

"ಇವತ್ತಿಗೆ ಸಾಕು," ಎಂದಳು. "ನಾನು ಇಲ್ಲೇ ಇಳ್ಕೋತೀನಿ. ಮನೆ ಹತ್ರಾನೇ."

"ಬಿಟ್ಟು ಬರ್ತೀನಿ ಟೀಚರೇ. ದಾರಿ ಹೇಳಿ."

ಅವಳು ದಾರಿ ಹೇಳಿದಳು. ಅಂಚೆ ಕಚೇರಿಯ ತಿರುವಿನಲ್ಲಿ ದಾರಿ ಮರೆತಿದ್ದವಳು ಗಿರಣಿಯಿಂದ ಮನೆಗೆ ಬರುವ ಆ ಚೂರು ದಾರಿಯನ್ನು ತಪ್ಪದೆ ಹೇಳಿದಳು. 'ಇಲ್ಲಿ ಎಡಕ್ಕೆ, ಹಳ್ಳ ಇದೆ ನಿಧಾನ, ಆ ತಗಡಿನ ಶೆಡ್ಡು ಕಾಣ್ತದಲ್ಲ, ಅದು ನಮ್ಮನೆಯವರದ್ದು.' ಮೇಸ್ತ್ರಿ ತನ್ನದೇ ಓಣಿಯಲ್ಲಿ, ಮೊದಲ ಸಲ ಬಂದವನಂತೆ, ಅವಳು ಹೇಳಿದ ಕಡೆ ತಿರುಗಿಸಿ, ಹೇಳಿದ ಕಡೆ ನಿಲ್ಲಿಸಿದ.

"ಬನ್ನಿ ಒಳಗೆ, ನಮ್ಮನೆಯವರನ್ನ ಪರಿಚಯ ಮಾಡಿಸ್ತೀನಿ. ನಿಮ್ಮ ಗೇರಿನ ವಿಷಯ ಹೇಳೋಣ."

ಅವಳು ಮುಂದೆ ಹೋದಳು. ಮೇಸ್ತ್ರಿ ಮನೆಯ ಮುಂದೆಯೇ ನಿಂತ. ಒಳಗಿನಿಂದ ದನಿ ಕೇಳಿಸಿತು.

"ರೀ... ರೀ, ಎಲ್ಲಿದ್ದೀರ್ರೀ?"

ಎಷ್ಟೋ ದಿನಗಳಿಂದ ಅವನು ಹಸಿದಿದ್ದ ಮಾತು ಅದು. ಖಾಲಿ ಕೋಣೆಗಳಲ್ಲಿ ಒಂದಾದ ಮೇಲೊಂದರಲ್ಲಿ ಓಡಾಡುತ್ತಿತ್ತು. ಅಡುಗೆಮನೆಯಲ್ಲಿ ಕರೆದಳು, ಮಲಗುವ ಕೋಣೆಯಲ್ಲಿ ಕರೆದಳು. ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಓ!" ಎಂದ.

"ಹಾಂ, ಇದ್ದಾರೆ," ಎಂದು ಅವಳು ಒಳಗಿನಿಂದಲೇ ಕೂಗಿ ಹೇಳಿದಳು. "ಹಿತ್ತಲಲ್ಲಿರ್ಬೇಕು. ನೀವು ಕೂತ್ಕೊಳ್ಳಿ, ಕರೀತೀನಿ."

ಹಿತ್ತಲಲ್ಲಿ ಸಿಕ್ಕರೆ ಗುರುತಿಸುತ್ತಾಳೇನೋ! ಮೇಸ್ತ್ರಿ ಮನೆಯ ಪಕ್ಕದ ಇಕ್ಕಟ್ಟಿನಲ್ಲಿ, ಒರಗಿಸಿಟ್ಟ ಕಬ್ಬಿಣದ ತುಂಡುಗಳನ್ನು ದಾಟಿಕೊಂಡು, ಮಂಡಿ ನೋವನ್ನೂ ಮರೆತು ಓಡಿದ. ಹಿತ್ತಲ ಬಾಗಿಲಿನ ಮುಂದೆ ನಿಂತು, ತಲೆಗೂದಲು ಸವರಿಕೊಂಡು, ಕಾಲರ್ ಸರಿಮಾಡಿಕೊಂಡ. ಬಾಗಿಲು ತೆರೆಯಿತು.

ಕ್ಲಚ್ಚಕ್ಕ ಅವನನ್ನು ನೋಡಿದಳು. ಅವನಾಚೆ ಹಿತ್ತಲನ್ನೆಲ್ಲ ನೋಡಿದಳು. ಮತ್ತೆ ಅವನನ್ನು ನೋಡಿದಳು.

"ಅಯ್ಯೋ, ನೀವ್ಯಾಕೆ ಈ ಕಡೆ ಬಂದ್ರಿ ಅಣ್ಣಾ? ಮುಂದೆ ಕೂತ್ಕೊಳ್ಳಿ ಅಂದೆನಲ್ಲ."

"ದಾರಿ ತಪ್ಪಿತು," ಎಂದ ಮೇಸ್ತ್ರಿ.

ಅವಳೇ ಮುಂದಾಗಿ, ಅಡುಗೆಮನೆಯ ಮೂಲಕ ನಡುಮನೆಗೆ ಕರೆತಂದು, ಬಂದವರಿಗೆಂದು ಇಟ್ಟ ಕುರ್ಚಿಯನ್ನು ತೋರಿಸಿದಳು. ಮೇಸ್ತ್ರಿ ಅದರಲ್ಲಿ ಕೂತ. ಆ ಮನೆಯಲ್ಲಿ ಅವನು ಆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅವಳು ಒಂದು ಲೋಟ ನೀರು ತಂದುಕೊಟ್ಟು, ಎದುರಿಗೆ ನಿಂತು, ಬಾಗಿಲ ಕಡೆ ನೋಡುತ್ತ ಹೇಳಿದಳು:

"ಅವರು ಹಾಗೇನೇ. ಕರೆದ್ರೆ 'ಓ' ಅಂತಾರೆ. ಬರೋದಿಲ್ಲ."

ಮೇಸ್ತ್ರಿ ನೀರು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಜೊತೆ ತಾನೂ ಬಾಗಿಲ ಕಡೆ ನೋಡುತ್ತ ಕೂತ.